ಆ ಲಾಯರ್ ಪಾತ್ರ ಬರೆಯುವ ಮುಂಚೆ

ಮಂಡ್ಯ

ಪ್ರೀತಿಯ ಮಗನಿಗೆ ದೊಡ್ಡಮ್ಮನ ಆಶೀರ್ವಾದ.

ಸೀರಿಯಲ್‌ಗೆ ಡೈಲಾಗ್ ಬರೆಯುವ ಕೆಲಸ ಸಿಕ್ಕಿತಂತೆ, ಕೇಳಿ ಖುಷಿಯಾಯಿತು. ನಾಯಕಿಯ ಮನೆ ಒಡೆಯೋಕೆ ಒಬ್ಬಳು ಸ್ತ್ರೀವಾದಿ ಲಾಯರ್ ಬರುತ್ತಾಳೆ, ಆ ಪಾತ್ರ ನಿನ್ನ ಕೈಗೆ ಬಂದಿದೆ ಅಂತ ನಿಮ್ಮಮ್ಮ ಹೇಳಿದಳು. ಅದಕ್ಕೇ ಈ ಕಾಗದ.

ಅವಳು ಹೇಗಿರುತ್ತಾಳೆ ಅಂತ ನಾನೇ ಹೇಳಿಬಿಡಲಾ? ಬಾಬ್ ಕಟ್, ತೋಳಿಲ್ಲದ ರವಿಕೆ, ಹಣೆ ತುಂಬ ಬಿಂದಿ, ಗಂಡನನ್ನು ಬಿಟ್ಟವಳು. ಬಂದಾಗಲೆಲ್ಲ ಹಿಂದೆ ಢಂ ಅಂತ ಮ್ಯೂಸಿಕ್. ನಮ್ಮ ಕಾಲದ ಸಿನಿಮಾಗಳಲ್ಲಿ ಇವಳೇ ಮಹಿಳಾ ಸಮಾಜದ ಅಧ್ಯಕ್ಷೆ. ಹೊರಗೆ ಭಾಷಣ, ಮನೆಯಲ್ಲಿ ಗಂಡನ ಕೈಲಿ ಪಾತ್ರೆ ತೊಳೆಸೋದು. ಕೊನೆಗೆ ಕೆನ್ನೆಗೆ ಒಂದು ಬಿದ್ದರೆ ಸೀರೆ ಉಟ್ಟು ಕಾಲಿಗೆ ಬೀಳುತ್ತಿದ್ದಳು. ಥಿಯೇಟರ್ ತುಂಬ ಶಿಳ್ಳೆ.

ಈ ಚಾಳಿ ನಮ್ಮಲ್ಲಿ ಮಾತ್ರ ಇದೆ ಅಂದುಕೊಳ್ಳಬೇಡ. 1968ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿಯಲ್ಲಿ ಹೆಂಗಸರು ಮಿಸ್ ಅಮೆರಿಕ ಸ್ಪರ್ಧೆಯ ವಿರುದ್ಧ ಪ್ರತಿಭಟನೆ ಮಾಡಿದರು. ಹೆಣ್ಣನ್ನು ಸಂತೆಯ ದನದ ಹಾಗೆ ನೋಡಿ ಮಾರ್ಕ್ಸ್ ಕೊಡುತ್ತೀರಿ ಅನ್ನೋದು ಅವರ ತಕರಾರು. ಬ್ರಾ, ಹೈಹೀಲ್ಸ್, ನೆಲ ಒರೆಸುವ ಮಾಪ್ ಎಲ್ಲ ತಂದು ಒಂದು ಕಸದ ಡಬ್ಬಕ್ಕೆ ಹಾಕಿದರು. ಬೆಂಕಿ ಹಚ್ಚಲೇ ಇಲ್ಲ. ಆಗ ಅಲ್ಲಿನ ಹುಡುಗರು ಯುದ್ಧಕ್ಕೆ ಹೋಗಲ್ಲ ಅಂತ ಸೇನೆಯ ಕಾರ್ಡು ಸುಡುತ್ತಿದ್ದರು. ಪತ್ರಿಕೆಯವರು ಎರಡನ್ನೂ ಸೇರಿಸಿ 'ಬ್ರಾ ಸುಡುವವರು' ಅಂದರು. ಇವತ್ತಿಗೂ ನಮ್ಮ ಟೀ ಅಂಗಡಿಯಲ್ಲಿ ಕೂತವರಿಗೆ ಆ ಇಲ್ಲದ ಬೆಂಕಿ ಗೊತ್ತು. ಜಗಳ ಯಾತಕ್ಕೆ ಅನ್ನೋದು ಮಾತ್ರ ಗೊತ್ತಿಲ್ಲ.

ಟಿವಿಯದು ಟಿವಿಯಲ್ಲೇ ಉಳಿಯುತ್ತೆ, ಅಲ್ವಾ ಅನ್ನಬೇಡ. ನಮ್ಮ ಹಿಂದಿನ ಬೀದಿಯ ಹುಡುಗಿ, ಬಿಎಡ್ ಮಾಡಿದವಳು, ಅಪ್ಪ ತೀರಿಕೊಂಡ ಮೇಲೆ ಗದ್ದೆಯಲ್ಲಿ ಪಾಲು ಕೇಳಿದಳು. ನಾನೂ ಅಲ್ಲೇ ಕೂತಿದ್ದೆ. ಟಿವಿಯಲ್ಲಿ ಅಂಥದ್ದೇ ಒಬ್ಬಳು ಲಾಯರಮ್ಮ ಬರುವ ಸೀರಿಯಲ್ ಓಡುತ್ತಿತ್ತು. ಅವಳ ಅಣ್ಣ ಅದರ ಕಡೆ ಗದ್ದ ಎತ್ತಿ, "ಇವಳ ಥರಾನೇ ಆದೆಯಲ್ಲ ನೀನೂ" ಅಂದ. ಅತ್ತಿಗೆ ಕಿಸಕ್ಕಂತ ನಕ್ಕಳು. ಅವರಮ್ಮ ಅವರೆಕಾಯಿ ಸುಲಿಯುತ್ತಾ ತಲೆ ಎತ್ತಲಿಲ್ಲ. ಅಷ್ಟೇ, ಇನ್ನೇನೂ ಆಗಲಿಲ್ಲ. ಆಮೇಲೆ ಅವಳು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಬಂದಳು. ಕೈಗೆ ಬಂದದ್ದು ಒಂದು ಸೀರೆ. "ನಾನೇನು ಫೆಮಿನಿಸ್ಟಾ ಆಂಟಿ? ಸುಮ್ನೆ ಒಂದು ಮಾತು ಕೇಳಿದೆ" ಅಂದಳು ನನ್ನ ಹತ್ತಿರ.

ನಮ್ಮ ಮೈಸೂರು ಸಂಸ್ಥಾನ ಹಿಂದೂ ಹೆಂಗಸರ ಆಸ್ತಿ ಹಕ್ಕಿಗೆ 1933ರಲ್ಲೇ ಕಾಯ್ದೆ ತಂದಿತ್ತು. ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನ ಸಮ ಅಂತ ಕರ್ನಾಟಕ 1994ರಲ್ಲಿ ಅಂದಿತು, ದೇಶ 2005ರಲ್ಲಿ. ಕೇಳಿದವಳಿಗೆ ಗಯ್ಯಾಳಿ ಅನ್ನೋ ಹೆಸರು ಬಂದರೆ ಇದೆಲ್ಲ ಯಾರಿಗೆ ಬೇಕು? ಇದೇ ಜಿಲ್ಲೆಯಲ್ಲಿ ತಾನೆ, ಆಲೆಮನೆಯೊಳಗೆ ಸ್ಕ್ಯಾನಿಂಗ್ ಮಾಡಿ ಹೆಣ್ಣು ಭ್ರೂಣ ಹುಡುಕುತ್ತಿದ್ದ ಜಾಲ 2023ರಲ್ಲಿ ಸಿಕ್ಕಿಬಿದ್ದದ್ದು? ಅಂಥದ್ದಕ್ಕೆ ಬೀದಿಗಿಳಿಯುವ ಹೆಂಗಸು ನಿಮ್ಮ ಸೀರಿಯಲ್‌ಗಳಲ್ಲಿ ಮನೆಹಾಳಿ.

ಹಾಗಂತ ಡೈರೆಕ್ಟರ್ ಜೊತೆ ಜಗಳಕ್ಕೆ ಹೋಗಬೇಡ. ಹೊಸಬ ನೀನು, ಕೆಲಸ ಹೋದರೆ ಬಾಡಿಗೆ ಕಟ್ಟೋರು ಯಾರು? ಬಟ್ಟೆ, ಮ್ಯೂಸಿಕ್ ನಿನ್ನ ಕೈಲಿಲ್ಲ. ಮಾತು ಇದೆ. ಅವಳ ಬಾಯಿಗೆ ಭಾಷಣ ಹಾಕಬೇಡ, ಕೆಲಸದ ಮಾತು ಹಾಕು. "ಪಹಣಿ ಯಾರ ಹೆಸರಲ್ಲಿದೆ?" ಅಂತ ಕೇಳಲಿ. ದೇವತೆ ಮಾಡಲೂ ಹೋಗಬೇಡ, ಅದು ಇನ್ನೂ ಬೋರು. ಸಿಡುಕಲಿ, ಒಂದು ಕೇಸು ಸೋಲಲಿ, ಅಮ್ಮನ ಮಾತ್ರೆ ತರೋದು ಮರೆಯಲಿ.

ಮೈಸೂರಿಗೆ ಹೋದಾಗ ವಿಜಯಾ ದಬ್ಬೆಯವರ ಪುಸ್ತಕ ಹುಡುಕಿ ಓದು. ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಪಾಠ ಮಾಡಿದವರು, ಕವಿ, ಹಳಗನ್ನಡ ಅರೆದು ಕುಡಿದವರು. 'ಸಮತಾ' ಅನ್ನೋ ಮಹಿಳಾ ಸಂಘಟನೆ ಕಟ್ಟಿದವರಲ್ಲಿ ಒಬ್ಬರು. ಹಳಗನ್ನಡ ಪದ್ಯ ಬಿಡಿಸಿ ಹೇಳುವ ಸ್ತ್ರೀವಾದಿಯನ್ನು ಯಾವ ಸೀರಿಯಲ್‌ನಲ್ಲೂ ನಾನು ಕಂಡಿಲ್ಲ.

ಲಾಯರಮ್ಮನ ಮೊದಲ ಸೀನ್ ಬರೆದ ಕೂಡಲೇ ವಾಟ್ಸಾಪ್ ಮಾಡು. ಅಕ್ಷರ ಸ್ವಲ್ಪ ದೊಡ್ಡದಿರಲಿ. ನಿಮ್ಮ ದೊಡ್ಡಪ್ಪನಿಗೂ ಓದಿ ಹೇಳುತ್ತೇನೆ. ಅವರು ಬೈದರೆ ಸರಿಯಾಗಿ ಬಂದಿದೆ ಅಂತ ಲೆಕ್ಕ.

ಇಂತಿ ನಿನ್ನ ದೊಡ್ಡಮ್ಮ