ಡಬ್ಬಿಯ ಮೇಲೆ ಸೂರ್ಯ, ಒಳಗೆ ಕುರಿಯ ಉಣ್ಣೆ

ಮಾನ್ಯರೇ,

ವಾರಕ್ಕೊಂದರಂತೆ ನುಂಗಲು ವೈದ್ಯರು ಬರೆದುಕೊಟ್ಟ ವಿಟಮಿನ್ ಡಿ3 ಕ್ಯಾಪ್ಸೂಲನ್ನು ಅಮ್ಮ ಬೆಳಕಿಗೆ ಹಿಡಿದು ನೋಡಿ, ‘ಇದನ್ನ ಯಾವುದರಿಂದ ಮಾಡ್ತಾರೋ?’ ಎಂದರು. ಅವರು ಮೊಟ್ಟೆಯನ್ನೂ ಮುಟ್ಟದವರು. ಡಬ್ಬಿಯನ್ನು ತಿರುಗಿಸಿ ನೋಡಿದೆ. ನಗುವ ಸೂರ್ಯನ ಚಿತ್ರವಿತ್ತು, ಉತ್ತರವಿರಲಿಲ್ಲ.

ಮಾರುಕಟ್ಟೆಯ ಡಿ3 ಬಹುಪಾಲು ಬರುವುದು ಕುರಿಯ ಉಣ್ಣೆಯ ಜಿಡ್ಡಿನಿಂದ. ಉಣ್ಣೆ ತೊಳೆದಾಗ ಸಿಗುವ ಲ್ಯಾನೋಲಿನ್‌ನಿಂದ ಕೊಲೆಸ್ಟರಾಲ್ ಬೇರ್ಪಡಿಸಿ, ಅದನ್ನು ರಾಸಾಯನಿಕವಾಗಿ ಮಾರ್ಪಡಿಸಿ, ನೇರಳಾತೀತ ಕಿರಣ ಹಾಯಿಸುತ್ತಾರೆ. ಬಿಸಿಲಿನಲ್ಲಿ ನಮ್ಮ ಚರ್ಮ ಮಾಡುವ ಕೆಲಸವನ್ನೇ ಅಲ್ಲಿ ದೀಪದ ಕೆಳಗೆ ಮಾಡಿಸುತ್ತಾರೆ, ಅಷ್ಟೇ. ಇದಕ್ಕಾಗಿ ಕುರಿಯನ್ನು ಕೊಲ್ಲಬೇಕಿಲ್ಲ, ಸರಿ. ಆದರೆ ಮೆತ್ತನೆಯ ಕ್ಯಾಪ್ಸೂಲಿನ ಕವಚ ಹೆಚ್ಚಾಗಿ ಜೆಲಟಿನ್. ಅದು ಪ್ರಾಣಿಗಳ ಮೂಳೆ, ಚರ್ಮದಿಂದ ಬಂದದ್ದು. ನಾವು ಮಸಾಲೆಗೆ ಹುರಿಯುವ ಕಲ್ಲುಹೂವಿನ ಬಳಗದಿಂದ ತೆಗೆದ ಡಿ3 ಕೂಡ ಈಗ ಸಿಗುತ್ತದೆ. ಬಿ12 ಅನ್ನಂತೂ ಬ್ಯಾಕ್ಟೀರಿಯಾಗಳೇ ತಯಾರಿಸಿಕೊಡುತ್ತವೆ.

ಕಾರ್ಖಾನೆಯಲ್ಲಿ ಮಾಡಿದ್ದೆಂದು ನನ್ನ ತಕರಾರಿಲ್ಲ. ಬಿಸ್ಕತ್ತಿನ ಪೊಟ್ಟಣದಲ್ಲಿ ಹಸಿರು ಚುಕ್ಕೆ ಹುಡುಕುವ ಜನ ನಾವು. ವಿಟಮಿನ್ ಡಬ್ಬಿಯ ಮೇಲೂ ಅದರ ಮೂಲವನ್ನು ಒಂದು ಸಾಲಿನಲ್ಲಿ, ಕನ್ನಡದಲ್ಲಿ, ಭೂತಗನ್ನಡಿ ಬೇಡದಷ್ಟು ದೊಡ್ಡ ಅಕ್ಷರದಲ್ಲಿ ಮುದ್ರಿಸುವುದನ್ನು ಆಹಾರ ಸುರಕ್ಷತಾ ಪ್ರಾಧಿಕಾರ ಕಡ್ಡಾಯ ಮಾಡಲಿ.

– ಒಬ್ಬ ಓದುಗ, ತಿಪಟೂರು