ನಡೆಯದ ಚಿಕಿತ್ಸೆಗೆ ‘ಗುಣ ಕಂಡಿಲ್ಲ’ ಎಂದು ಬರೆದದ್ದರ ಬಗ್ಗೆ

ಇವರಿಂದ:
ನಿಮ್ಮ ಹೊರರೋಗಿ (ನೋಂದಣಿ ಸಂಖ್ಯೆ ಲಗತ್ತಿಸಿದ ರಸೀದಿಗಳಲ್ಲಿದೆ)
ನೀರ್ಚಾಲು, ಕಾಸರಗೋಡು ಜಿಲ್ಲೆ

ಇವರಿಗೆ:
ವೈದ್ಯಕೀಯ ಅಧೀಕ್ಷಕರು
ನಾನು ಚಿಕಿತ್ಸೆ ಪಡೆದ ಆಸ್ಪತ್ರೆ, ಮಂಗಳೂರು

ದಿನಾಂಕ: 7-4-2025

ವಿಷಯ: ಮಲಬದ್ಧತೆಯ ಬಯೋಫೀಡ್‌ಬ್ಯಾಕ್ ಚಿಕಿತ್ಸೆಯಲ್ಲಿ ಆದ ಲೋಪ, ದಾಖಲೆಯ ತಿದ್ದುಪಡಿ, ಹಣ ವಾಪಸಾತಿ

ಮಾನ್ಯರೇ,

ಮಾರ್ಚ್ 27ರಂದು ನಿಮ್ಮಲ್ಲಿಂದ ನನ್ನ ಕೈಗೆ ಬಂದ ಚಿಕಿತ್ಸಾ ಸಾರಾಂಶದ ಕೊನೆಯಲ್ಲಿ ಒಂದು ಸಾಲು ಇದೆ. ಇಂಗ್ಲಿಷಿನಲ್ಲಿರುವುದನ್ನು ಕನ್ನಡದಲ್ಲಿ ಹೇಳುವುದಾದರೆ, ಬಯೋಫೀಡ್‌ಬ್ಯಾಕ್ (ಮಾನಿಟರಿನಲ್ಲಿ ಗೆರೆ ನೋಡುತ್ತಾ ಸ್ನಾಯುವನ್ನು ತಿದ್ದಿಕೊಳ್ಳುವ ಚಿಕಿತ್ಸೆ) ಆರು ಸಿಟ್ಟಿಂಗ್ ಮುಗಿದಿವೆ, ರೋಗಿಗೆ ಗುಣ ಕಂಡಿಲ್ಲ. ಆರು ಮುಗಿದಿಲ್ಲ. ಸರಿಯಾಗಿ ನಡೆದದ್ದು ಎರಡೇ. ನಾನು ಇಪ್ಪತ್ತಮೂರು ವರ್ಷದಿಂದ ಒಂದು ಸಹಕಾರಿ ಬ್ಯಾಂಕಿನಲ್ಲಿ ಕ್ಯಾಷಿಯರ್. ಕೈಗೆ ಬಾರದ ಹಣಕ್ಕೆ ಜಮಾ ಬರೆದರೆ ಸಂಜೆ ಲೆಕ್ಕ ಮುಚ್ಚುವಾಗಲೇ ಸಿಕ್ಕಿಬೀಳುತ್ತೇನೆ. ನಿಮ್ಮಲ್ಲಿ ಅಂಥ ಸಂಜೆ ಬರುವುದಿಲ್ಲವೆಂದು ಕಾಣುತ್ತದೆ, ಅದಕ್ಕೇ ಈ ಪತ್ರ.

ನನ್ನ ತೊಂದರೆ ಹೊಸದಲ್ಲ. ಕೌಂಟರಿನ ಮುಂದೆ ಸಾಲು ಇರುವಾಗ ಎದ್ದು ಹೋಗುವಂತಿಲ್ಲ, ತಡೆದು ತಡೆದೇ ಅಭ್ಯಾಸವಾಯಿತು. ವಾರಕ್ಕೆ ಎರಡು ಸಲ ಮೋಷನ್ ಆದರೆ ಪುಣ್ಯ, ಅದೂ ಅರ್ಧ ಗಂಟೆ ತಿಣುಕಿದ ಮೇಲೆ. ಆಗಲೂ ಪೂರ್ತಿ ಹೋದ ಸಮಾಧಾನವಿಲ್ಲ. ಅತ್ತೆ ಕೊಟ್ಟ ಹರಳೆಣ್ಣೆ, ತ್ರಿಫಲಾ, ಇಸಬ್‌ಗೋಲ್, ಲ್ಯಾಕ್ಟುಲೋಸ್ ಸಿರಪ್, ಹಿತ್ತಲಿನ ಬಸಳೆ, ಕದಳಿ ಬಾಳೆಹಣ್ಣು, ಯಾವುದನ್ನೂ ಬಿಟ್ಟವಳಲ್ಲ. ನಾರಿನಂಶ ಹೆಚ್ಚು ತಿಂದ ಹಾಗೆಲ್ಲ ಹೊಟ್ಟೆ ಉಬ್ಬರಿಸಿತೇ ಹೊರತು ಕಕ್ಕಸಿನಲ್ಲಿ ಕೂರುವ ಹೊತ್ತು ಕಡಿಮೆಯಾಗಲಿಲ್ಲ.

ಇದಕ್ಕೆ ಕಾರಣವೇನೆಂದು ಮೊದಲ ಸಲ ತಿಳಿಸಿಕೊಟ್ಟವರು ನಿಮ್ಮ ಉದರರೋಗ ತಜ್ಞರು. ಆ ಋಣವನ್ನು ಮರೆತು ಬರೆಯುತ್ತಿಲ್ಲ. ಜನವರಿ 8ರಂದು ಮ್ಯಾನೋಮೆಟ್ರಿ, ಅಂದರೆ ಗುದದ ಸ್ನಾಯುಗಳ ಒತ್ತಡ ಅಳೆಯುವ ಪರೀಕ್ಷೆ, ಮಾಡಿದರು. ಆಮೇಲೆ 50 ಮಿಲಿಲೀಟರ್ ನೀರು ತುಂಬಿದ ಸಣ್ಣ ಬಲೂನು ಒಳಗಿಟ್ಟು ಹೊರಹಾಕಲು ಹೇಳಿದರು. ಸರಿಯಿರುವವರಿಗೆ ಸಾಮಾನ್ಯವಾಗಿ ಒಂದು ನಿಮಿಷ ಸಾಕಂತೆ. ಐದು ನಿಮಿಷ ಕಳೆದರೂ ನನ್ನಿಂದ ಆಗಲಿಲ್ಲ. ಕರುಳು ತನ್ನ ಕೆಲಸ ಮಾಡುತ್ತಿದೆ, ಆದರೆ ನೀವು ತಿಣುಕುವಾಗ ಸಡಿಲಬೇಕಾದ ಗುದದ ಸ್ನಾಯು ಬಿಗಿಯುತ್ತಿದೆ ಎಂದರು. ಬಾಗಿಲು ದೂಡುತ್ತಾ ಒಳಗಿನಿಂದ ನಾನೇ ಅಗುಳಿ ಹಾಕಿಕೊಳ್ಳುತ್ತಿದ್ದೆನಂತೆ, ಇಷ್ಟು ವರ್ಷವೂ. ಇದಕ್ಕೆ ಔಷಧಿಯಿಂದ ಪೂರ್ತಿ ಪರಿಹಾರವಿಲ್ಲ, ಸ್ನಾಯುವಿಗೆ ಮತ್ತೆ ಕಲಿಸಬೇಕು, ಸರಿಯಾಗಿ ಕಲಿತ ಹತ್ತರಲ್ಲಿ ಏಳು ಮಂದಿಗೆ ಗುಣ ಕಾಣುತ್ತದೆ ಎಂದು ಬಯೋಫೀಡ್‌ಬ್ಯಾಕ್ ಬರೆದುಕೊಟ್ಟರು. ಹದಿನೈದು ದಿನಕ್ಕೊಂದರಂತೆ ಆರು ಸಿಟ್ಟಿಂಗ್, ಕೊನೆಗೆ ಇನ್ನೊಮ್ಮೆ ಬಲೂನು ಪರೀಕ್ಷೆ. ಹನ್ನೆರಡು ಸಾವಿರ ರೂಪಾಯಿ ಮುಂಗಡ ಕಟ್ಟಿದೆ.

ಜನವರಿ 16ರ ಮೊದಲ ಸಿಟ್ಟಿಂಗನ್ನು ನಾನು ಮರೆಯುವುದಿಲ್ಲ. ಥೆರಪಿಸ್ಟ್ ಬಾಗಿಲಿಗೆ ಚಿಲಕ ಹಾಕಿ, ಪರದೆ ಎಳೆದು, ಮೊದಲು ಹತ್ತು ನಿಮಿಷ ಉಸಿರಾಟವನ್ನೇ ಕಲಿಸಿದರು. ಎದೆಯಲ್ಲಲ್ಲ, ಹೊಟ್ಟೆಯಲ್ಲಿ ಉಸಿರು. ಆಮೇಲೆ ತೆಳು ನಳಿಗೆ ಇಟ್ಟು ಕಮೋಡ್ ಕುರ್ಚಿಯಲ್ಲಿ ಕೂರಿಸಿ, ಕಾಲ ಕೆಳಗೆ ಸಣ್ಣ ಮಣೆ ಕೊಟ್ಟು, ಮಾನಿಟರನ್ನು ನನ್ನ ಕಡೆಗೆ ತಿರುಗಿಸಿದರು. ಎರಡು ಗೆರೆ. ಒಂದು ಒಳಗಿನ ಒತ್ತಡ, ಇನ್ನೊಂದು ಬಾಗಿಲಿನದು. ದೂಡುವಾಗ ಮೊದಲನೆಯದು ಏರಬೇಕು, ಎರಡನೆಯದು ಇಳಿಯಬೇಕು. ನನ್ನವು ಎರಡೂ ಜೋಡಿ ಎತ್ತುಗಳ ಹಾಗೆ ಒಟ್ಟಿಗೆ ಏರುತ್ತಿದ್ದವು. ನಾನು ಗಂಟಲು ಬಿಗಿಹಿಡಿದು ತಿಣುಕಿದಷ್ಟೂ ಮೇಲೆ. “ಒತ್ತಬೇಡಿ, ಹೊಟ್ಟೆಯನ್ನು ಮುಂದಕ್ಕೆ ಬಿಡಿ, ಕೆಳಗೆ ಅರಳಲಿ” ಎಂದು ಅವರು ಎಷ್ಟು ಸಲ ಹೇಳಿದರೋ. ನಲವತ್ತನೆಯ ನಿಮಿಷಕ್ಕೆ ಇರಬೇಕು, ಎರಡನೆಯ ಗೆರೆ ಒಂದು ಕ್ಷಣ ಬಾಗಿತು. ಬೆರಳಗಲದಷ್ಟೂ ಇಲ್ಲ. ಆದರೆ ಸಡಿಲಿಸುವುದು ಎಂದರೆ ಯಾವ ಜಾಗದಲ್ಲಿ ಏನಾಗುವುದು ಎಂದು ಅದನ್ನು ಕಣ್ಣಾರೆ ಕಂಡ ಮೇಲೆಯೇ ನನ್ನ ದೇಹಕ್ಕೆ ತಿಳಿದದ್ದು. ಜನವರಿ 30ರಂದು ಮೂರು ಸಲ ಬಾಗಿತು. ಆ ವಾರ ಮನೆಯಲ್ಲಿ ನಾಲ್ಕು ದಿನ ತಿಣುಕದೆ ಹೋದೆ.

ಫೆಬ್ರವರಿ 13ರಂದು ಹೋದಾಗ ಆ ಥೆರಪಿಸ್ಟ್ ಕೆಲಸ ಬಿಟ್ಟಿದ್ದರು. ಬಿಡುವುದು ಅವರ ಇಷ್ಟ. ಅವರ ಜಾಗಕ್ಕೆ ನೀವು ಕೂರಿಸಿದ ಹುಡುಗಿ ಮೇಲೂ ನನಗೆ ಸಿಟ್ಟಿಲ್ಲ, ಆಕೆಗೆ ಯಾರೂ ಕಲಿಸಿರಲಿಲ್ಲ ಅಷ್ಟೆ. ಆ ಕೋಣೆಯ ಪ್ಲಗ್ಗಿಗೆ ವಯರು ಮುಟ್ಟುವುದಿಲ್ಲವೆಂದು ಟ್ರಾಲಿಯನ್ನು ನನ್ನ ಬೆನ್ನ ಹಿಂದಿನ ಗೋಡೆಗೆ ಒತ್ತಿ ನಿಲ್ಲಿಸಿದರು. ಮಾನಿಟರು ನನಗೆ ಕಾಣುತ್ತಿರಲಿಲ್ಲ. ಕೇಳಿದೆ. “ನಾನು ನೋಡಿ ಹೇಳ್ತೇನೆ ಆಂಟಿ, ನೀವು ಜೋರಾಗಿ ಒತ್ತಿ” ಎಂದಳು. ಬಿಡಿಸಿಕೊಳ್ಳಲು ಬಂದದ್ದೇ ಆ ಜೋರಾಗಿ ಒತ್ತುವ ಚಾಳಿಯನ್ನು. ಗೆರೆ ನೋಡಿ ಸ್ನಾಯುವನ್ನು ತಿದ್ದಿಕೊಳ್ಳುವುದೇ ಈ ಚಿಕಿತ್ಸೆ. ಅದು ಕಾಣದಿದ್ದರೆ ಉಳಿಯುವುದು ಹಿಂದಿನಿಂದ ಒಂದು ನಳಿಗೆ, ಮುಂದಿನಿಂದ ನಾಚಿಕೆ. ಇಪ್ಪತ್ತು ನಿಮಿಷಕ್ಕೆ ಮುಗಿಯಿತು. ಆಕೆ ನಡುವೆ ಎರಡು ಸಲ ಫೋನು ತೆಗೆದು ಮಾತಾಡಿದಳು.

ಫೆಬ್ರವರಿ 27ರಂದು ಯಂತ್ರ ರಿಪೇರಿಗೆ ಹೋಗಿತ್ತು. ಅದನ್ನು ಮೊದಲೇ ತಿಳಿಸಲಿಲ್ಲ. “ಬಂದದ್ದು ವ್ಯರ್ಥ ಬೇಡ” ಎಂದು ಬೇರೊಂದು ಪೆಟ್ಟಿಗೆ ತಂದು ಕರೆಂಟು ಕೊಟ್ಟರು. ಜುಮ್ಮೆನ್ನುವುದು, ಬಿಗಿಯುವುದು, ಬಿಡುವುದು, ಹೀಗೆ ಹದಿನೈದು ನಿಮಿಷ. ಸ್ನಾಯು ಬಲಹೀನವಾಗಿ ಹಿಡಿತ ತಪ್ಪುವವರಿಗೆ ಇದನ್ನು ಕೊಡುತ್ತಾರೆಂದು ಆಮೇಲೆ ಗೊತ್ತಾಯಿತು. ನನ್ನ ಸ್ನಾಯುವಿಗೆ ಬಲ ಕಡಿಮೆಯಿಲ್ಲ, ಬಿಡಲು ಬರುವುದಿಲ್ಲ. ತಜ್ಞರ ಚೀಟಿಯಲ್ಲಿ ಇಲ್ಲದ, ನನ್ನ ಒಪ್ಪಿಗೆ ಕೇಳದ ಈ ಚಿಕಿತ್ಸೆಗೆ ರಸೀದಿಯಲ್ಲಿ ‘ಬಯೋಫೀಡ್‌ಬ್ಯಾಕ್ 4’ ಎಂದೇ ಬರೆದಿದ್ದೀರಿ.

ಮಾರ್ಚ್ 13ರಂದು ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟು, ಕುಂಬಳೆಯಲ್ಲಿ ಬಸ್ಸು ಬದಲಿಸಿ, ಹೆದ್ದಾರಿ ಕಾಮಗಾರಿಯ ಧೂಳು ಕುಡಿಯುತ್ತಾ ತಲಪಾಡಿ ದಾಟಿ ನಿಮ್ಮಲ್ಲಿಗೆ ಬಂದೆ. ಈ ತೊಂದರೆ ಇರುವವರಿಗೆ ಎರಡು ಗಂಟೆ ಬಸ್ಸಿನ ಸೀಟು ಏನೆಂದು ನಿಮಗೆ ಹೇಳಬೇಕಾಗಿಲ್ಲ. ರಿಸೆಪ್ಷನ್ನಿನವರು ತುಂಬಿದ ಹಾಲಿಗೆಲ್ಲ ಕೇಳುವಂತೆ “ಮೋಷನ್ ಪೇಷೆಂಟ್ ಯಾರು?” ಎಂದು ಕೂಗಿ, ನಾನು ಎದ್ದು ಹೋದ ಮೇಲೆ “ಇವತ್ತು ಸ್ಟಾಫ್ ಇಲ್ಲ” ಎಂದರು. ಮಾರ್ಚ್ 27ರಂದು ಆರನೆಯದಕ್ಕೆ ಬಂದರೆ, ಪ್ಯಾಕೇಜಿನ ಅವಧಿ ಅರುವತ್ತು ದಿನಕ್ಕೇ ಮುಗಿದಿದೆ, ಹಣ ವಾಪಸು ಕ್ರಮವಿಲ್ಲ ಎಂದು ಸಾರಾಂಶವನ್ನು ಕೈಗಿಟ್ಟರು. ಅವಧಿಯ ವಿಷಯ ಹಣ ಕಟ್ಟಿಸಿಕೊಳ್ಳುವಾಗ ಯಾರೂ ಹೇಳಿರಲಿಲ್ಲ, ರಸೀದಿಯಲ್ಲೂ ಇಲ್ಲ. ಹದಿನೈದು ದಿನಕ್ಕೊಂದು ಎಂದು ಆರು ದಿನಾಂಕ ಬರೆದುಕೊಟ್ಟವರು ನೀವೇ. ಮೊದಲನೆಯದರಿಂದ ಆರನೆಯದಕ್ಕೆ ಎಪ್ಪತ್ತು ದಿನ ಆಗುತ್ತದೆ. ಯಾರಾದರೂ ಒಮ್ಮೆ ಕೂಡಿಸಿ ನೋಡಬಹುದಿತ್ತು. ಕೊನೆಯ ಬಲೂನು ಪರೀಕ್ಷೆಯಂತೂ ಆಗಲೇ ಇಲ್ಲ. ಪರೀಕ್ಷೆ ಮಾಡದೆ ಗುಣ ಕಂಡಿಲ್ಲ ಎಂಬ ತೀರ್ಮಾನಕ್ಕೆ ಬಂದದ್ದು ಹೇಗೆ ಎಂಬುದಕ್ಕೆ ನನಗೆ ಲಿಖಿತ ಉತ್ತರ ಬೇಕು.

ಹಣಕ್ಕಿಂತ ಆ ಸಾಲೇ ನನ್ನನ್ನು ಚುಚ್ಚುತ್ತಿದೆ. ನಾಳೆ ನಾನು ಕಣ್ಣೂರಿಗೋ ಮಣಿಪಾಲಕ್ಕೋ ಹೋದರೆ ಅಲ್ಲಿನ ವೈದ್ಯರು ಮೊದಲು ನೋಡುವುದು ಈ ಕಾಗದವನ್ನು. ಇವರಿಗೆ ಬಯೋಫೀಡ್‌ಬ್ಯಾಕ್ ಆಗಿದೆ, ಉಪಯೋಗವಾಗಿಲ್ಲ ಎಂದು ಓದಿದವರು ಅದನ್ನೇ ಮತ್ತೆ ಬರೆಯುವುದಿಲ್ಲ. ಇಂಜೆಕ್ಷನ್, ಆಪರೇಷನ್ ಎಂದು ಮುಂದಿನದನ್ನು ಯೋಚಿಸುತ್ತಾರೆ. ಎರಡೇ ಸಿಟ್ಟಿಂಗಿನಲ್ಲಿ ನನಗೆ ಗುಣ ಕಂಡಿತ್ತು. ಆ ಬಾಗಿಲನ್ನು ನಿಮ್ಮ ಒಂದು ಸಾಲು ಮುಚ್ಚುತ್ತದೆ.

ಆದ್ದರಿಂದ ಆ ಸಾರಾಂಶವನ್ನು ಹಿಂಪಡೆದು, ಎರಡು ಸಿಟ್ಟಿಂಗ್ ಸರಿಯಾಗಿ ನಡೆದಿವೆ, ಒಂದು ಮಾನಿಟರ್ ತೋರಿಸದೆ ನಡೆದಿದೆ, ಒಂದರಲ್ಲಿ ಬೇರೆ ಚಿಕಿತ್ಸೆ ಕೊಡಲಾಗಿದೆ, ಎರಡು ನಡೆದಿಲ್ಲ ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದುಕೊಡಿ. ಪ್ರತಿ ಸಿಟ್ಟಿಂಗಿನ ಗೆರೆಗಳು ಯಂತ್ರದಲ್ಲಿ ಉಳಿಯುತ್ತವೆ ಎಂದು ಮೊದಲಿನ ಥೆರಪಿಸ್ಟ್ ಹೇಳಿದ್ದರು. ಆರರ ಪ್ರಿಂಟೂ ಕೊಡಿ, ಇಲ್ಲದ್ದನ್ನು ಇಲ್ಲ ಎಂದೇ ಬರೆಯಿರಿ. ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ವೈದ್ಯರ ನಡತೆಯ 2002ರ ನಿಯಮಾವಳಿಯಲ್ಲಿದೆ. ಉಳಿದ ನಾಲ್ಕು ಸಿಟ್ಟಿಂಗನ್ನು ತರಬೇತಿ ಇರುವ ಥೆರಪಿಸ್ಟರಿಂದ, ಮಾನಿಟರ್ ನನ್ನ ಕಡೆಗೆ ತಿರುಗಿಸಿ ಮಾಡಿಸಿ, ಬಲೂನು ಪರೀಕ್ಷೆಯನ್ನೂ ಮುಗಿಸಿಕೊಡಿ. ಅಂಥವರು ಇಲ್ಲದಿದ್ದರೆ ಎಂಟು ಸಾವಿರ ರೂಪಾಯಿ ವಾಪಸು ಮಾಡಿ. ನನಗೆ ಎರಡರಲ್ಲಿ ಚಿಕಿತ್ಸೆಯೇ ಬೇಕು.

ಹದಿನೈದು ದಿನ ಕಾಯುತ್ತೇನೆ. ಆಸ್ಪತ್ರೆ ಕರ್ನಾಟಕದಲ್ಲಿ, ನಾನು ಕೇರಳದಲ್ಲಿ, ಈಕೆ ಎಲ್ಲಿ ಹೋಗಿಯಾಳು ಎಂದು ಯೋಚಿಸುವುದು ಬೇಡ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಂತೆ ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಾಸರಗೋಡಿನ ಗ್ರಾಹಕ ಆಯೋಗಕ್ಕೆ ನನಗೆ ಒಂದೇ ಬಸ್ಸು.

ರಸೀದಿಗಳ, ದಿನಾಂಕದ ಚೀಟಿಯ ಮತ್ತು ಸಾರಾಂಶದ ಪ್ರತಿಗಳನ್ನು ಲಗತ್ತಿಸಿದ್ದೇನೆ. ಉತ್ತರವನ್ನು ಕನ್ನಡದಲ್ಲೇ ಬರೆದರೆ ಸಂತೋಷ. ಫೋನ್ ಮಾಡುವುದಾದರೆ ಸಂಜೆ ಐದರ ನಂತರ ಮಾಡಿ. ಹಗಲು ನಾನು ಕೌಂಟರಿನಲ್ಲಿರುತ್ತೇನೆ, ಎದುರಿಗೆ ಊರವರೆಲ್ಲ ಸಾಲು ನಿಂತಿರುತ್ತಾರೆ.

ಇಂತಿ,
ತಮ್ಮ ಹೊರರೋಗಿ
(ಸಹಿ)