ಊರು ಬಿಡಿಸುವುದು ಸುಲಭ, ಸುಳಿವು ಬಿಡದಿರುವುದು ಕಷ್ಟ

ಬೆಳಗಾವಿ

ಚಿ. ತಮ್ಮಾ,

ನಿನ್ನ ಕಾಕಾನ ಆಶೀರ್ವಾದ. ವಿಜಯಪುರದಲ್ಲಿ ಕಾನೂನು ಸೇವಾ ಪ್ರಾಧಿಕಾರದ ಪಿ.ಎಲ್.ವಿ. (ಅರೆ ಕಾನೂನು ಸ್ವಯಂಸೇವಕ) ಆಗಿ ಸೇರಿ, ಮೊದಲ ಕೆಲಸವಾಗಿ ಒಂದು ಸಾಕ್ಷಿದಾರರ ಮನೆತನವನ್ನು ಬೇರೆ ಊರಿಗೆ ಸಾಗಿಸಬೇಕಾಗಿದೆ ಎಂದು ಬರೆದಿದ್ದಿ. ಯಾರು, ಯಾವ ಊರು ಎಂದು ಬರೆಯದಿದ್ದದ್ದು ಛಲೋ ಆಯಿತು. ಮುಂದೆಯೂ ನನಗೆ ಹೇಳಬೇಡ.

ಮೊದಲು ಅರ್ಜಿ. ಸಾಕ್ಷಿ ಸಂರಕ್ಷಣಾ ಯೋಜನೆ, 2018 ಇದೆಯಲ್ಲ, ಅದನ್ನು ಸುಪ್ರೀಂ ಕೋರ್ಟ್ ಮಹೇಂದರ್ ಚಾವ್ಲಾ ಪ್ರಕರಣದಲ್ಲಿ ಅದೇ ವರ್ಷ ಡಿಸೆಂಬರ್ 5ರಂದು ಒಪ್ಪಿತು. ಪ್ರತಿ ರಾಜ್ಯ ಇಂಥ ಯೋಜನೆ ಹೊರಡಿಸಬೇಕೆಂದು ಈಗ ಸಿಆರ್‌ಪಿಸಿ ಬದಲಿಗೆ ಬಂದಿರುವ ನಾಗರಿಕ ಸುರಕ್ಷಾ ಸಂಹಿತೆಯ 398ನೇ ಕಲಮೂ ಹೇಳುತ್ತದೆ. ನಿರ್ಧಾರ ಜಿಲ್ಲಾ ಸಮಿತಿಯದು: ಜಿಲ್ಲಾ ನ್ಯಾಯಾಧೀಶರು ಅಧ್ಯಕ್ಷರು, ಜಿಲ್ಲೆಯ ಪೊಲೀಸ್ ಮುಖ್ಯಸ್ಥರು ಸದಸ್ಯರು, ಸರಕಾರಿ ಅಭಿಯೋಜನೆಯ ಮುಖ್ಯಸ್ಥರು ಸದಸ್ಯ ಕಾರ್ಯದರ್ಶಿ. ಅರ್ಜಿ ಕೊಡುವುದು ಈ ಕಾರ್ಯದರ್ಶಿಯವರ ಮೂಲಕ. ಡಿವೈಎಸ್‌ಪಿ 5 ಕೆಲಸದ ದಿನಗಳಲ್ಲಿ ಬೆದರಿಕೆ ವರದಿ ಕೊಡಬೇಕು, ವರದಿ ಬಂದ ಮೇಲೆ ಇನ್ನೈದು ದಿನದಲ್ಲಿ ತೀರ್ಮಾನ ಆಗಬೇಕು. ಅಷ್ಟು ದಿನ ಕಾಯುವ ಹಾಗಿಲ್ಲದಿದ್ದರೆ ಮಧ್ಯಂತರ ಆದೇಶ ಕೇಳು. ಇವತ್ತೇ ಜೀವಕ್ಕೆ ಕುತ್ತು ಇದ್ದರೆ ಪೊಲೀಸರು ಆದೇಶಕ್ಕೆ ಕಾಯಬೇಕಾಗಿಲ್ಲ. ಪರಿಶಿಷ್ಟರ ಮೇಲಿನ ದೌರ್ಜನ್ಯದ ಕೇಸಾದರೆ ದೌರ್ಜನ್ಯ ತಡೆ ಕಾಯ್ದೆಯ 15ಎ ಕಲಂ ಸ್ಥಳಾಂತರ, ಪ್ರಯಾಣ ಮತ್ತು ಜೀವನ ನಿರ್ವಹಣೆಯ ಖರ್ಚನ್ನು ಬೇರೆಯಾಗಿಯೇ ಕೊಟ್ಟಿದೆ. ಅದನ್ನು ಬಿಡಬೇಡ.

ಅರ್ಜಿಗಳು ಸೋಲುವುದು "ಜೀವಭಯವಿದೆ" ಎಂಬ ಒಂದೇ ಸಾಲಿನಲ್ಲಿ. ಯಾವ ದಿನ, ಎಷ್ಟು ಗಂಟೆಗೆ, ಯಾವ ಗಾಡಿಯಲ್ಲಿ ಬಂದರು, ಯಾರು ಏನಂದರು, ಎಲ್ಲ ಬರೆಸು. ಅಂದ ಮಾತು ಅಂದ ಹಾಗೇ ಇರಲಿ. "ಬೈದರು" ಎಂದು ಬರೆದರೆ ಅದು ಯೋಜನೆಯ ಮೂರು ಬೆದರಿಕೆ ವರ್ಗಗಳಲ್ಲಿ ಕೊನೆಯದಾದ ಕಿರುಕುಳದ ಸಿ ವರ್ಗಕ್ಕೆ ಜಾರುತ್ತದೆ. "ನೀರು ಹಾಯಿಸಾಕ ರಾತ್ರಿ ಒಬ್ಬಾವನ ಹೋಗ್ತಿಯಲ್ಲ, ನೋಡ್ಕೊಂತೀವಿ" ಎಂದದ್ದನ್ನು ಹಾಗೇ ಇಳಿಸಿದರೆ ಜೀವಕ್ಕೇ ಅಪಾಯವಿರುವ ಎ ವರ್ಗ ಯಾಕೆ ಎಂದು ಓದುವವರಿಗೆ ತಿಳಿಯುತ್ತದೆ. ಸುಳ್ಳು ಸಾಕ್ಷಿ ಹೇಳು ಎಂದು ಬೆದರಿಸಿದ್ದರೆ ಅದೇ ಬೇರೆ ಅಪರಾಧ. ಐಪಿಸಿ ಬದಲಿಗೆ ಬಂದಿರುವ ನ್ಯಾಯ ಸಂಹಿತೆಯ 232ನೇ ಕಲಮಿನಲ್ಲಿ 7 ವರ್ಷದ ತನಕ ಶಿಕ್ಷೆಯಿದೆ, ಆ ದೂರನ್ನೂ ಕೊಡಿಸು.

ಇನ್ನು ಊರು. ಬೀಗರ ಮನೆ ಬೇಡ, ಹುಡುಕುವವರು ಮೊದಲು ಹೋಗುವುದೇ ಅಲ್ಲಿಗೆ. ಗೋವಾ ದೂರ ಅಂತ ಅನಿಸೀತು. ಆದರೆ ವಿಜಯಪುರ, ಬಾಗಲಕೋಟೆ ಕಡೆಯವರು ಅಲ್ಲಿ ಕಟ್ಟಡದ ಕೆಲಸಕ್ಕೆ ತುಂಬಿಕೊಂಡಿದ್ದಾರೆ, ಮೊದಲ ಸಂತೆಯಲ್ಲೇ ಊರವರು ಸಿಗುತ್ತಾರೆ. ಕಬ್ಬು ಕಡಿಯುವ ಗ್ಯಾಂಗುಗಳು ಇಳಿಯುವ ಊರೂ ಅಷ್ಟೇ. ದೂರವನ್ನು ಕಿಲೋಮೀಟರಿನಲ್ಲಿ ಅಳೆಯಬೇಡ. ನಿಮ್ಮ ಓಣಿಯವರು ಯಾರು ಯಾರು ಎಲ್ಲೆಲ್ಲಿ ದುಡಿಯಲು ಹೋಗಿದ್ದಾರೆ ಎಂದು ಆ ಮನೆತನವನ್ನೇ ಕೇಳಿ, ಆ ಊರುಗಳನ್ನೆಲ್ಲ ಮೊದಲು ಹೊಡೆದುಹಾಕು. ಮಹಾರಾಷ್ಟ್ರದ ಗಡಿ ದಾಟಿಸಿದರೆ ಗಸ್ತು, ಕಾವಲಿಗೆ ಇನ್ನೊಂದು ರಾಜ್ಯದ ಪೊಲೀಸರನ್ನು ಒಪ್ಪಿಸಬೇಕಾಗುತ್ತದೆ, ಕೆಲಸ ನಿಧಾನ.

ಸುಳಿವು ಸಿಗುವುದು ದೊಡ್ಡ ದಾರಿಯಿಂದಲ್ಲ. ಹಳೆಯ ಶಾಲೆಯಲ್ಲಿ ಟಿ.ಸಿ. ಕೇಳಿದ ಕೂಡಲೇ "ಯಾವ ಊರಿಗೆ?" ಎಂಬ ಪ್ರಶ್ನೆ, ಸಂಜೆಗೆ ಕಟ್ಟೆಯ ಮೇಲೆ ಉತ್ತರ. ಟಿ.ಸಿ. ತಡವಾಯಿತೆಂದು ಎಂಟನೆಯ ತನಕದ ಮಕ್ಕಳಿಗೆ ಪ್ರವೇಶ ನಿಲ್ಲಿಸುವಂತಿಲ್ಲ, ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ ತೋರಿಸಿ ಮೊದಲು ಸೇರಿಸು. ರೇಶನ್ ಕಾರ್ಡಿನ ವಿಳಾಸ ಬದಲಿಸಲೂ ಹೋಗಬೇಡ, ಅದೇ ಕಾರ್ಡಿಗೆ ಬೇರೆ ಊರಿನ ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆರಳು ಒತ್ತಿ ಕಾಳು ತರಬಹುದು. ಫೋನಿನದು ಇನ್ನೂ ಮೋಜು: ಹೊಸ ಸಿಮ್ ಹಾಕಿ ಹಳೆಯ ಗೂಗಲ್ ಖಾತೆ ಹಾಗೇ ಬಿಡುತ್ತಾರೆ. ಆ ಖಾತೆಯ ಪಾಸ್‌ವರ್ಡ್ ಅಣ್ಣನ ಮಗನ ಹತ್ತಿರ ಇರುತ್ತದೆ, ಫೋನ್ ಎಲ್ಲಿದೆ ಎಂದು ಅವನು ಕೂತಲ್ಲೇ ನೋಡಬಲ್ಲ. ಹುಡುಗಿ ಸ್ಟೇಟಸ್‌ಗೆ ಹಾಕಿದ ಫೋಟೋದ ಹಿಂದೆ ಅಂಗಡಿಯ ಬೋರ್ಡು ಇದ್ದರೂ ಮುಗಿಯಿತು.

ಯಾರೂ ಕೇಳದ ಪ್ರಶ್ನೆ ಎಂದರೆ ಎಮ್ಮೆಯದು. ಹಿಂಡುವ ಎಮ್ಮೆ, ಹೊಲದಲ್ಲಿ ಕಟಾವಿಗೆ ಬಂದ ಉಳ್ಳಾಗಡ್ಡಿ, ಇವುಗಳಿಗೊಂದು ವ್ಯವಸ್ಥೆ ಆಗದಿದ್ದರೆ ಯಜಮಾನ ಎಂಟು ದಿನಕ್ಕೆ ರಾತ್ರಿ ಬಸ್ ಹತ್ತಿ ವಾಪಸ್ ಬರುತ್ತಾನೆ. ಎಳ್ಳ ಅಮವಾಸ್ಯೆಗೆ ಹೊಲದಲ್ಲಿ ನೈವೇದ್ಯದ ಚರಗ ಚೆಲ್ಲಲು ಬಂದೇ ಬರುತ್ತೇನೆ ಎನ್ನುವವರೂ ಇರುತ್ತಾರೆ. ಹಾಲು, ಫಸಲು, ಸಾಲದ ಕಂತು ಯಾರ ಕೈಯಲ್ಲಿ ಎಂಬುದನ್ನು ಹೊರಡುವ ಮೊದಲೇ ಬಗೆಹರಿಸು. ಸಾಕ್ಷಿ ಸಂರಕ್ಷಣಾ ನಿಧಿಯಿಂದ ಸ್ಥಳಾಂತರಕ್ಕೂ ಹೊಸ ಉದ್ಯೋಗಕ್ಕೂ ಸಹಾಯ ಕೇಳಬಹುದು. ಕೇಳುವಾಗ ಮನೆ ಬಾಡಿಗೆ, ಮುಂಗಡ, ಕಿರಾಣಿ, ಔಷಧ ಎಂದು ಬಿಡಿಬಿಡಿಯಾಗಿ ಲೆಕ್ಕ ಬರೆ.

ಸಮನ್ಸ್ ಮರೆಯಬೇಡ. ದೋಷಾರೋಪ ಪಟ್ಟಿಯಲ್ಲಿ ಹಳೆಯ ವಿಳಾಸವೇ ಇರುತ್ತದೆ. ಸಮನ್ಸ್ ಅಲ್ಲಿಗೆ ಹೋಗಿ "ಊರಲ್ಲಿ ಇಲ್ಲ" ಎಂದು ತಿರುಗಿ ಬಂದರೆ, ನಾವೇ ಬಚ್ಚಿಟ್ಟ ಸಾಕ್ಷಿಯ ಮೇಲೆ ವಾರಂಟ್ ಹೊರಡುತ್ತದೆ. ತನಿಖಾಧಿಕಾರಿಯ ಮೂಲಕವೇ ಜಾರಿ ಆಗಲಿ ಎಂದು ಲಿಖಿತವಾಗಿ ಕೇಳಿಕೋ. ಕೋರ್ಟಿನ ತಾರೀಖು ಆರೋಪಿಗೂ ಗೊತ್ತಿರುತ್ತದೆ, ಹಾಗಾಗಿ ಅಪಾಯ ಹೆಚ್ಚು ಆ ದಿನವೇ. ಸಾಧ್ಯವಿದ್ದರೆ ವೀಡಿಯೊ ಮೂಲಕ ಸಾಕ್ಷ್ಯ ಕೇಳಿಸು. ಬರಲೇಬೇಕಾದರೆ ಪೊಲೀಸ್ ಗಾಡಿ, ಬೇರೆ ಖೋಲಿ. ಹೊರಗಿನ ಚಹಾ ಅಂಗಡಿಯಲ್ಲಿ ಕೂರಿಸಬೇಡ. ವಾಪಸ್ ಹೋಗುವಾಗ ಬಂದ ದಾರಿ ಬೇಡ, ಬೆನ್ನು ಹತ್ತುವವರು ಕಾಯುವುದು ಆಗಲೇ.

ರಕ್ಷಣೆಯ ಆದೇಶ ಒಂದು ಸಲಕ್ಕೆ 3 ತಿಂಗಳಿಗಿಂತ ಹೆಚ್ಚು ಇರುವುದಿಲ್ಲ. ಎರಡನೇ ತಿಂಗಳು ಮುಗಿಯುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಆವತ್ತೇ ವಿಸ್ತರಣೆಗೆ ಬರೆ. ಗುರುತು ಮಾತ್ರ ಹಾಕು, ಹೆಸರು ಬರೆಯಬೇಡ.

ಕಾಕು ಶೇಂಗಾ ಹೋಳಿಗೆ ಕಟ್ಟಿಟ್ಟಿದ್ದಾಳೆ. ಆ ಕಡೆ ಬರುವವರು ಸಿಕ್ಕರೆ ಕಳಿಸುತ್ತೇವೆ.

ನಿನ್ನ ಕಾಕಾ